ಎಡಗಡೆಯ ಸ್ಪೀಕರುಗಳು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಕಿವಿ ಮೇಡಂ ಎನ್ನುತ್ತಿದ್ದರು. ಮೊದಮೊದಲು ಅವಳಿಗೆ ಕೋಪ ಬರುತ್ತಿತ್ತು. ಹಲ್ಲಿನ ಡಾಕ್ಟರನ್ನು ಯಾರೂ ಹಲ್ಲು ಸಾರ್ ಎನ್ನುವುದಿಲ್ಲ, ನನಗೊಬ್ಬಳಿಗೇ ಯಾಕಪ್ಪ ಈ ಮರ್ಯಾದೆ ಎಂದು ಮೂಗು ಮುರಿಯುತ್ತಿದ್ದಳು. ಆಮೇಲೆ ಅಭ್ಯಾಸವಾಯಿತು. ಅವಳ ಬಾಳಿನಲ್ಲಿ ಬಹಳಷ್ಟು ಸಂಗತಿಗಳು ಹೀಗೆಯೇ, ಮೊದಲು ಕೋಪ ತರಿಸಿ ಆಮೇಲೆ ಅಭ್ಯಾಸವಾದವು.

ನೆಲ ಅಂತಸ್ತಿನಲ್ಲಿ, ಎಕ್ಸ್-ರೇ ವಿಭಾಗದ ಪಕ್ಕದ ಓಣಿ ಮುಗಿಯುವ ಕಡೆ ಅವಳ ರಾಜ್ಯ. ಕೋಣೆಯೊಳಗೊಂದು ಕೋಣೆ. ಒಳಗಿನದಕ್ಕೆ ಫ್ರಿಜ್ಜಿನ ಬಾಗಿಲಿನಂಥ ದಪ್ಪ ಬಾಗಿಲು, ಗೋಡೆಗೆಲ್ಲ ತೂತು ತೂತಾದ ಹಲಗೆ, ಒಂದು ಕುರ್ಚಿ, ಒಂದು ಸಣ್ಣ ಗಾಜಿನ ಕಿಟಕಿ. ಕಿವಿ ತೋರಿಸಲು ಬಂದವರು ಒಳಗೆ ಕೂತು ಹೆಡ್‌ಫೋನ್ ಹಾಕಿಕೊಳ್ಳಬೇಕು. ಅವಳು ಹೊರಗೆ ಯಂತ್ರದ ಮುಂದೆ ಕೂತು ಒಂದೊಂದೇ ಕಿವಿಗೆ ಸಣ್ಣ ಪೀಂ ಸದ್ದು ಕಳಿಸುತ್ತಾಳೆ. ಕೇಳಿಸಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು, ಅಷ್ಟೇ. ಆದರೆ ಪರೀಕ್ಷೆ ಎಂಬ ಮಾತು ಕಿವಿಗೆ ಬಿದ್ದೊಡನೆ ಕೆಲವರಿಗೆ ಪಾಸಾಗುವ ಹಟ ಬಂದುಬಿಡುತ್ತದೆ. ಸದ್ದೇ ಇಲ್ಲದಾಗಲೂ ಪಟಪಟ ಒತ್ತುತ್ತಾರೆ. "ತಾತ, ನಾನಿನ್ನೂ ಶುರುನೇ ಮಾಡಿಲ್ಲ," ಎಂದು ಅವಳು ಬಾಗಿಲು ತೆಗೆದು ಹೇಳಿದರೆ, "ಹಾಗಾದ್ರೆ ನನ್ ಕಿವಿ ಎಷ್ಟು ಚುರುಕು ನೋಡಮ್ಮ," ಎನ್ನುವ ತಾತಂದಿರೂ ಇದ್ದರು.

ಯಂತ್ರಕ್ಕೆ ಮೊದಲು ಬಾಯಿಮಾತಿನ ಪರೀಕ್ಷೆ. ಕಿವಿ ಕೈಕೊಟ್ಟವರಲ್ಲಿ ತುಟಿ ನೋಡಿಯೇ ಮಾತು ಹಿಡಿಯುವ ಜಾಣರು ಬಹಳ, ಅವರಿಗೇ ಗೊತ್ತಿಲ್ಲದಂತೆ ಹಿಡಿಯುತ್ತಾರೆ. ಅದಕ್ಕಾಗಿ ಅವಳು ಕೆಲಸಕ್ಕೆ ಸೇರಿದ ಹೊಸದರಲ್ಲೇ ಮುಖ ಬೇರೆ ಕಡೆ ತಿರುಗಿಸಿ, ದನಿ ಏರಿಸದೆ, ಒಂದೇ ಹದದಲ್ಲಿ ಮಾತಾಡುವುದನ್ನು ಕಲಿತಳು. ಕಲಿತದ್ದು ಮೈಗೆ ಅಂಟಿ ಮನೆಗೂ ಬಂತು. ಅಡುಗೆಮನೆಯಲ್ಲಿ ಒಲೆ ನೋಡುತ್ತ ಮಾತು, ಕಾರಿನಲ್ಲಿ ಕಿಟಕಿ ನೋಡುತ್ತ ಮಾತು. "ನಿಮ್ಮಕ್ಕ ನನ್ ಜೊತೆ ಮಾತಾಡ್ತಾಳೋ ಗೋಡೆ ಜೊತೆ ಮಾತಾಡ್ತಾಳೋ ಗೊತ್ತಾಗಲ್ಲ ಕಣಯ್ಯ," ಎಂದು ಗಂಡ ಹಿಂದೊಮ್ಮೆ ಅವಳ ತಮ್ಮನೆದುರು ತಮಾಷೆ ಮಾಡಿದ್ದ. ಅವನು ತಮಾಷೆ ಮಾಡುತ್ತಿದ್ದ ಕಾಲ ಅದು.

ಗಂಡನಿಗೆ ನೀರು ಸರಬರಾಜಿನವರ ಉಗ್ರಾಣದಲ್ಲಿ ಕೆಲಸ. ಪೈಪು, ವಾಲ್ವು, ಮೀಟರು ಒಳಗೆ ತೆಗೆದುಕೊಳ್ಳುವುದು, ಹೊರಗೆ ಕೊಡುವುದು. ಮನೆ ಊರಾಚೆ. ಅವಳ ಆಸ್ಪತ್ರೆ, ಅವನ ಉಗ್ರಾಣ ಎರಡೂ ಊರಿನ ಇನ್ನೊಂದು ತುದಿಗೆ, ಒಂದೇ ರಸ್ತೆಯಲ್ಲಿ. ಹಾಗಾಗಿ ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೇ ಹೊರಡುವವರು. ಮೊದಲು ಬಸ್ಸಿನಲ್ಲಿ, ಆಮೇಲೆ ಸ್ಕೂಟರಿನಲ್ಲಿ, ಈಗ ಬೂದಿ ಬಣ್ಣದ ಈ ಪುಟ್ಟ ಕಾರಿನಲ್ಲಿ. ಕಾರೂ ಈಗ ಹಳೆಯದಾಗಿತ್ತು. ಹ್ಯಾಂಡ್‌ಬ್ರೇಕಿನ ಹಿಡಿ ಸವೆದು ಹೊಳೆಯುತ್ತಿತ್ತು, ಎಡಗಡೆಯ ಕಿಟಕಿ ಅರ್ಧಕ್ಕೆ ಬಂದು ಒಮ್ಮೆ ಯೋಚಿಸಿ ಆಮೇಲೆ ಏರುತ್ತಿತ್ತು. ಮಕ್ಕಳಿರಲಿಲ್ಲ. ಅದರ ದುಃಖವನ್ನು ಇಬ್ಬರೂ ಸೇರಿ ತೀರಿಸಿ ಬಹಳ ಕಾಲವಾಗಿತ್ತು. ಮನೆಯಲ್ಲಿ ಇಬ್ಬರಿಗೂ ಕೈತುಂಬ ಕೆಲಸ. ಬಿಡುವಾಗಿ ಒಬ್ಬರಿಗೊಬ್ಬರು ಸಿಗುತ್ತಿದ್ದುದು ಈ ಕಾರಿನಲ್ಲೇ, ಹೋಗುತ್ತ ಒಂದು ಗಂಟೆ, ಬರುತ್ತ ಇನ್ನೂ ಸ್ವಲ್ಪ ಹೆಚ್ಚು.

ಆ ಹೊತ್ತಿನಲ್ಲಿ ಅವಳು ಬಾಯಿತುಂಬ ಮಾತಾಡುತ್ತಿದ್ದಳು. ಗುಂಡಿ ಒತ್ತಿದ ತಾತನ ಕಥೆ, ಸೊಸೆಯ ಮಾತು ಮಾತ್ರ ಕೇಳಿಸದ ಅತ್ತೆಯ ಕಥೆ, ಮೇಟ್ರನ್ ಮೇಡಂ ಯಾರ ಮೇಲೆ ಹಾರಾಡಿದರು ಎಂಬ ಕಥೆ. ಅವನು ಸ್ಟಿಯರಿಂಗ್ ತಟ್ಟಿ ನಗುತ್ತಿದ್ದ. ಮಧ್ಯೆ ಅಡ್ಡಪ್ರಶ್ನೆ ಹಾಕುತ್ತಿದ್ದ. ಕಥೆ ಮುಗಿಯದೆ ಆಸ್ಪತ್ರೆಯ ಗೇಟು ಬಂದುಬಿಟ್ಟರೆ, "ಅರ್ಧಕ್ಕೇ ಬಿಟ್ಟು ಇಳೀಬೇಡ್ವೇ," ಎಂದು ಗೋಗರೆಯುತ್ತಿದ್ದ.

ಇದೆಲ್ಲ ಯಾವಾಗ ನಿಂತಿತು ಎಂದು ಅವಳಿಗೆ ಹೇಳಲು ಬರುತ್ತಿರಲಿಲ್ಲ. ಜಗಳವಾಗಿ ನಿಂತಿದ್ದರೆ ದಿನವಾದರೂ ನೆನಪಿರುತ್ತಿತ್ತು. ಮೊದಲು ನಗು ಕಡಿಮೆಯಾಯಿತು. ಆಮೇಲೆ ಉತ್ತರ ಕಡಿಮೆಯಾಯಿತು. ಆಮೇಲೆ ಬರಿಯ ಹೂಂ, ಅದೂ ಬೇಕಾದ ಕಡೆಯಲ್ಲ, ಎಲ್ಲೆಲ್ಲೋ. ಅವಳು ಒಂದು ಇಡೀ ಕಥೆ ಹೇಳಿ ಮುಗಿಸಿದಾಗ ಅವನು ರಸ್ತೆ ನೋಡುತ್ತ, "ಮುಂದಿನ ಬಂಕಲ್ಲಿ ಪೆಟ್ರೋಲ್ ಹಾಕಿಸ್ಬೇಕು," ಎಂದಿದ್ದ. ಮನೆಯಲ್ಲಿ ಹಾಗಲ್ಲ. ಎದುರಿಗೆ ನಿಂತು ಕೇಳಿದರೆ ನೆಟ್ಟಗೆ ಉತ್ತರ ಬರುತ್ತಿತ್ತು. ಅಂದರೆ ಬೇಕಾದದ್ದಕ್ಕೆ ಮಾತು ಇದೆ, ನನ್ನ ಜೊತೆ ಸುಮ್ಮನೆ ಆಡುವ ಮಾತು ಇಲ್ಲ ಎಂದು ಅವಳು ಲೆಕ್ಕ ಹಾಕಿದಳು. ಹೆಂಗಸರು ಇಂಥ ಲೆಕ್ಕದಲ್ಲಿ ಬಹಳ ಬಿಗಿ, ಒಮ್ಮೆ ಹಾಕಿದ ಮೇಲೆ ತಿರುಗಿ ನೋಡುವುದಿಲ್ಲ. ಒಂದು ದಿನ ಅವಳೂ ಬಾಯಿಗೆ ಬೀಗ ಹಾಕಿಕೊಂಡಳು. ಅವನು ಗಮನಿಸಿದಂತೆ ಕಾಣಲಿಲ್ಲ. ಮಾತು ಕಾರಿನಲ್ಲಿ ಸತ್ತು, ಮೆಲ್ಲಗೆ ಮನೆಯಲ್ಲೂ ಬಾಡಿತು.

ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತರೆ ಕಾಲು ಜೋಮು ಹಿಡಿಯುವುದಿಲ್ಲವೇ, ಹಾಗೆ. ಕಾಲು ಇದೆ ಎಂದು ಗೊತ್ತು, ಮುಟ್ಟಿದರೆ ತನ್ನದು ಅನ್ನಿಸುವುದಿಲ್ಲ. ಬೆಳಿಗ್ಗೆ ಕಾರು ಹತ್ತುತ್ತಿದ್ದಳು, ಸಿಮೆಂಟ್ ಗೋದಾಮು, ರೈಲ್ವೆ ಗೇಟು, ಮೇಲ್ಸೇತುವೆ ಒಂದೊಂದಾಗಿ ಹಿಂದೆ ಸರಿಯುವುದನ್ನು ನೋಡುತ್ತಿದ್ದಳು, ಇಳಿಯುತ್ತಿದ್ದಳು.

ಮೇಟ್ರನ್ ಮೇಡಂ ಕ್ವಾರ್ಟರ್ಸಿನ ಮಾತೆತ್ತಿದ್ದು ಈ ದಿನಗಳಲ್ಲೇ. ಆಸ್ಪತ್ರೆಯ ಹಿಂದಿನ ಕಟ್ಟಡದಲ್ಲಿ ಒಂದು ಕೋಣೆ ಖಾಲಿಯಾಗಿತ್ತು. "ದಿನಾ ಅಷ್ಟು ದೂರದಿಂದ ಸಾಯ್ತೀಯಲ್ಲೇ. ವಾರವೆಲ್ಲ ಇಲ್ಲಿರು, ರಜಕ್ಕೆ ಮನೆಗೆ ಹೋಗು. ಬಣ್ಣ ಹೊಡೆಸಿ ತಿಂಗಳ ಕೊನೆಗೆ ಕೊಡಿಸ್ತೀನಿ. ನಿಮ್ಮನೆಯವರನ್ನ ಒಂದು ಮಾತು ಕೇಳು," ಎಂದರು.

ಅವಳು ಕೇಳಿದಳು. ಸಂಜೆ ಕಾರಿನಲ್ಲಿ, ರೈಲ್ವೆ ಗೇಟು ಬೀಳುವ ಮೊದಲು ದಾಟಿಬಿಡಬೇಕೆಂದು ಅವನು ಅವಸರದಲ್ಲಿದ್ದಾಗ, ಕಿಟಕಿಯ ಕಡೆ ಮುಖ ಮಾಡಿಕೊಂಡು ಹೇಳಿದಳು. ಕೋಣೆ ಖಾಲಿ ಇರುವುದು, ವಾರವೆಲ್ಲ ತಾನು ಅಲ್ಲಿರುವುದು, ಅವನ ಅಡುಗೆಗೆ ಏನು ಮಾಡಬಹುದು ಎಂಬುದು, ಎಲ್ಲ. ಕೊನೆಗೆ, "ನೀವೇನಂತೀರಿ?" ಎಂದೂ ಕೇಳಿದಳು. ಕಾರು ಹಳಿ ದಾಟಿತು. ಸಿಮೆಂಟ್ ಗೋದಾಮು ಬಂತು, ಹೋಯಿತು. ಮನೆಯ ತಿರುವಿನಲ್ಲಿ, "ಟೈರಿಗೆ ಗಾಳಿ ಕಮ್ಮಿ ಇದೆ ಅನ್ಸುತ್ತೆ," ಎಂದ.

ಮಾರನೆಯ ದಿನ ಅವಳು ಮೇಟ್ರನ್ ಹತ್ತಿರ ಹೋಗಿ, "ಬರ್ತೀನಿ ಮೇಡಂ," ಎಂದು ಹೇಳಿ ಬಂದಳು.

ಕಾರಿಗೆ ಹೊಸ ಸ್ಟೀರಿಯೋ ಹಾಕಿಸುವ ಯೋಚನೆ ಹುಟ್ಟಿದ್ದು ತಮ್ಮನಿಂದ. ಅವನೊಬ್ಬ ವಾಚಾಳಿ. ಯಾವುದೋ ಕೆಲಸಕ್ಕೆ ಬಂದವನು ಒಂದು ಬೆಳಿಗ್ಗೆ ಇವರ ಕಾರಿನಲ್ಲಿ ಹಿಂದೆ ಕೂತ. ಮುಂದೆ ಇಬ್ಬರೂ ತುಟಿ ಬಿಚ್ಚುವುದಿಲ್ಲ. ಹಳೆಯ ರೇಡಿಯೋ ಮಾತ್ರ ವಾರ್ತೆಯನ್ನು ಗರಗರ ಉಜ್ಜುತ್ತಿದೆ. ಗೇಟಿನ ಬಳಿ ಅವಳ ಜೊತೆಗೇ ಇಳಿದ ತಮ್ಮ, "ಅಕ್ಕಾ, ಇದೇನೇ ಇದು? ಹೆಣ ಹಾಕ್ಕೊಂಡ್ ಹೋಗೋ ಗಾಡೀಲೂ ಇದಕ್ಕಿಂತ ಜಾಸ್ತಿ ಮಾತಿರುತ್ತೆ," ಎಂದ. "ಮಾತಾಡಕ್ಕೆ ಆಗ್ದಿದ್ರೆ ಒಂದ್ ಒಳ್ಳೆ ಸೆಟ್ಟಾದ್ರೂ ಹಾಕ್ಸಿ. ಭಾವನ ರೇಡಿಯೋ ಕೇಳಿದ್ರೆ ಮಂಡೆ ಬಿಸಿಯಾಗುತ್ತೆ."

ಅವಳು ನಕ್ಕಳು, ನಗಬೇಕಾದ ಜಾಗ ಅದು ಎಂದು. ಆದರೆ ಮಾತು ತಲೆಯಲ್ಲಿ ಉಳಿಯಿತು. ತಿಂಗಳ ಕೊನೆಗೆ ತಾನು ಹೋಗುತ್ತೇನೆ. ಆಮೇಲೆ ಇವರು ಒಬ್ಬರೇ ಅಷ್ಟು ದೂರ ಬರಬೇಕು. ತಾನು ಎದ್ದು ಹೋದ ಸೀಟಿನಲ್ಲಿ ಏನಾದರೂ ಕೂರಬೇಕಲ್ಲ, ಹಾಡೇ ಕೂರಲಿ. ಬಿಟ್ಟುಹೋಗುವವಳಿಗೆ ಈ ಉಸಾಬರಿ ಯಾಕೆ? ಪ್ರೀತಿ ಎನ್ನುವಷ್ಟು ಬಿಸಿ ಅದರಲ್ಲಿರಲಿಲ್ಲ. ಹೊರಡುವ ಮುಂಚೆ ಗ್ಯಾಸ್ ಆಫ್ ಮಾಡಿ, ನಲ್ಲಿ ನಿಲ್ಲಿಸಿ ನೋಡುತ್ತೇವಲ್ಲ, ಅಂಥ ಒಂದು ಕೆಲಸ.

ಅವಳಿಗೆ ರಜ ಇದ್ದು ಗಂಡ ಸಹೋದ್ಯೋಗಿಯ ಬೈಕಿನಲ್ಲಿ ಹೋದ ಒಂದು ಶನಿವಾರ, ತಾನೇ ಕಾರು ಓಡಿಸಿಕೊಂಡು ತಮ್ಮ ಹೇಳಿದ ಅಂಗಡಿಗೆ ಹೋದಳು. ಅಂಗಡಿಯವನು ಮಾತಿನ ಮಲ್ಲ. ಗಲ್ಲಾದ ಹಿಂದಿನ ಗೋಡೆಗೆಲ್ಲ ಸ್ಪೀಕರುಗಳನ್ನು ಮೊಳೆ ಹೊಡೆದು ಕೂರಿಸಿದ್ದ.

"ಬೇಸ್ ಎಷ್ಟು ಬೇಕು ಮೇಡಂ? ಎದೆ ಗುದ್ದೋ ಥರಾನಾ, ಬೆನ್ನು ತಟ್ಟೋ ಥರಾನಾ?"

"ಮಾತು ಸ್ಪಷ್ಟವಾಗಿ ಕೇಳಿಸ್ಬೇಕು. ಹಾಡಿನ ಮಾತು. ಒಬ್ಬರೇ ಇದ್ದಾಗ ಬೇಜಾರಾಗ್ಬಾರ್ದು, ಅಷ್ಟೇ."

ಅವನು ಇನ್ನೇನೋ ಕೇಳಲು ಬಾಯಿ ತೆರೆದವನು ಅವಳ ಮುಖ ನೋಡಿ ಕೆಲಸಕ್ಕೆ ಕೈಹಾಕಿದ. ಹಳೆಯ ಸೆಟ್ಟನ್ನು ಹೊರಗೆಳೆದ. ಬಾಗಿಲುಗಳ ಒಳಹೊದಿಕೆಯನ್ನು ಪ್ಲಾಸ್ಟಿಕ್ ಚಪ್ಪಟೆ ಕೋಲಿನಿಂದ ಎಬ್ಬಿಸಿದ. ಕ್ಲಿಪ್ಪುಗಳು ಟಕ್ ಟಕ್ ಎಂದು ಬಿಟ್ಟುಕೊಂಡವು, ಒಳಗಿನಿಂದ ವರ್ಷಗಳ ಧೂಳು, ಒಂದು ಕಳೆದುಹೋಗಿದ್ದ ಬಾಚಣಿಗೆ ಹೊರಬಿತ್ತು. ನಾಲ್ಕೂ ಸ್ಪೀಕರು ಬಿಚ್ಚಿ ನೆಲದ ಮೇಲೆ ಸಾಲಾಗಿ ಇಟ್ಟ ಮೇಲೆ ಅವಳನ್ನು ಕರೆದ.

"ಮೇಡಂ, ಇಲ್ಲಿ ಸ್ವಲ್ಪ ತಮಾಷೆ ನೋಡಿ. ಬಲಗಡೆದು ಎರಡೂ ಹರಿದು ಚಿಂದಿಯಾಗಿದೆ. ಎಡಗಡೆದು ನೋಡಿ, ಅಂಗಡಿಯಿಂದ ಈಗ ತಂದಂಗಿದೆ. ನಿಮ್ ಹಳೇ ಸೆಟ್ಟಲ್ಲಿ ಬ್ಯಾಲೆನ್ಸ್ ಪೂರ್ತಿ ಬಲಕ್ಕೆ ತಿರುಗಿಸಿತ್ತು. ಎಡಗಡೆ ಸ್ಪೀಕರ್ ಹಾಡೇ ಇಲ್ಲ, ಎಷ್ಟೋ ಕಾಲದಿಂದ."

"ನಾನು ಮುಟ್ಟಿಲ್ಲ," ಎಂದಳು.

"ಯಜಮಾನ್ರು ಮುಟ್ಟಿರ್ತಾರೆ ಬಿಡಿ," ಎಂದು ಅವನು ನಕ್ಕ.

ಎಡಗಡೆ ಎಂದರೆ ಅವಳು ಕೂರುವ ಕಡೆ. ಹಾಗಾದರೆ ತನ್ನ ಪಾಲಿಗೆ ಬರುವ ಸದ್ದನ್ನೂ ಅವನು ಮುಚ್ಚಿಬಿಟ್ಟಿದ್ದ. ರೇಡಿಯೋದವರೂ ತನ್ನ ಜೊತೆ ಮಾತಾಡಬಾರದೆಂದೋ ಏನೋ. ಹಿಂದಾಗಿದ್ದರೆ ಇಷ್ಟಕ್ಕೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಈಗ ಆ ಎರಡು ಹೊಸದರಂಥ ಸ್ಪೀಕರುಗಳನ್ನು ನೋಡಿ, "ಅವನ್ನ ಎಸೆದುಬಿಡಿ," ಎಂದಷ್ಟೇ ಹೇಳಿದಳು.

ಅಂಗಡಿಯವನು ಬಾಗಿಲಿನ ತಗಡಿಗೆ ಅದುರದ ಹಾಗೆ ಕಪ್ಪು ಅಂಟುಹಾಳೆ ಬಡಿದ, ಹೊಸ ಸ್ಪೀಕರು ಕೂರಿಸಿದ, ಬಾಗಿಲ ಕನ್ನಡಿಗಳ ಮೂಲೆಗೆ ತೆಳು ದನಿಗೆಂದು ಗುಬ್ಬಿಗಾತ್ರದ ಇನ್ನೆರಡನ್ನು ಸಿಕ್ಕಿಸಿದ, ಸೀಟಿನ ಕೆಳಗೆ ಆಂಪ್ಲಿಫೈಯರ್ ತಳ್ಳಿದ, ಮುಂದೆ ಮುಟ್ಟಿದರೆ ಬೆಳಗುವ ಪರದೆಯ ಸೆಟ್ಟು ಹಾಕಿದ. ಕೊನೆಗೆ ಅವಳು ಒಳಗೆ ಕೂತು, ಕಣ್ಣು ಮುಚ್ಚಿ ಕೇಳಿ, "ಹಿಂದೆ ಎಡಗಡೆದು ಒಂದು ಚೂರು ಕಮ್ಮಿ ಬರ್ತಿದೆ," ಎಂದಳು. ಅವನು ನೋಡಿದರೆ ವೈರು ಸಡಿಲವಿತ್ತು.

"ಕಿವಿ ಅಂದ್ರೆ ನಿಮ್ದು ಮೇಡಂ!" ಎಂದು ಅವನು ಕೈಮುಗಿದ.

ಸೋಮವಾರ ಬೆಳಿಗ್ಗೆ ಗಂಡ ಕಾರಿನ ಬಾಗಿಲು ತೆಗೆದು ಹಾಗೇ ನಿಂತ. "ಇದೇನೇ ಇದು?"

"ಹಾಕಿಸ್ದೆ. ಹಳೇದು ಗರಗರ ಅಂತಿತ್ತು."

"ನನ್ನನ್ನ ಕೇಳ್ದೆನೇ?"

"ಕೇಳಿದ್ರೆ ಹೇಳ್ತಿದ್ರಾ?" ಎಂದಳು, ಬಾಗಿಲು ಎಳೆದುಕೊಳ್ಳುತ್ತ, ಹೊರಗೆ ನೋಡುತ್ತ. ಅವನು ಕೀಲಿ ತಿರುಗಿಸಿದ.

ಆದರೆ ಹಾಡು ಶುರುವಾದಾಗ ಅವನ ಮುಖ ಸ್ವಲ್ಪ ಅರಳಿತು. ಗೋದಾಮು ದಾಟುವವರೆಗೆ ಸುಮ್ಮನೆ ಕೇಳಿದ. ರೈಲ್ವೆ ಗೇಟು ಹಾಕಿತ್ತು. ನಿಂತಲ್ಲೇ ಪರದೆಯ ಮೇಲೆ ಬೆರಳಾಡಿಸಿ ಒಂದೊಂದೇ ಹಾಳೆ ತೆಗೆದು ನೋಡತೊಡಗಿದ. ಒಂದು ಕಡೆ ಕಾರಿನ ಚಿತ್ರ ಬಂತು, ನಾಲ್ಕು ಸೀಟು, ನಡುವೆ ಒಂದು ಬಿಳಿ ಚುಕ್ಕೆ. ಅವನು ಆ ಚುಕ್ಕೆಯನ್ನು ಬೆರಳಿನಿಂದ ಮೆಲ್ಲಗೆ ಬಲಕ್ಕೆ ತಳ್ಳಿದ, ಅಂಚಿನವರೆಗೂ. ಅವಳ ಕಡೆಯ ಸದ್ದು ಸತ್ತಿತು.

ಅವಳು ನೋಡುತ್ತಿದ್ದಳು. ಆಗಲಿ, ಇದನ್ನೂ ತೆಗೆದುಕೊಳ್ಳಿ ಎಂದು ಮನಸ್ಸಿನಲ್ಲೇ ಅಂದುಕೊಂಡು ಕಿಟಕಿಗೆ ತಿರುಗಬೇಕು, ಅಷ್ಟರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. ಗಾಯಕಿಯ ದನಿ ಇಳಿದ ಒಂದು ಕಡೆ, ಕೇಳಿಸಿಕೊಳ್ಳಲೆಂದು ತಲೆಯನ್ನು ಒಂದಿಷ್ಟು ತಿರುಗಿಸಿ, ಬಲಗಿವಿಯನ್ನು ಸದ್ದಿನ ಕಡೆ ಒಡ್ಡಿದ.

ಆ ತಲೆ ತಿರುಗಿಸುವ ರೀತಿ ಅವಳಿಗೆ ಗೊತ್ತು. ದಿನ ಬೆಳಗಾದರೆ ಅವಳ ಕೋಣೆಯ ಬಾಗಿಲಲ್ಲಿ ಯಾರಾದರೊಬ್ಬರು ಹಾಗೆ ತಲೆ ಓರೆ ಮಾಡಿಕೊಂಡೇ ಒಳಗೆ ಬರುತ್ತಾರೆ. ಅವರು ಕುರ್ಚಿಗೆ ಬರುವ ಮೊದಲೇ ಯಾವ ಕಿವಿ ಎಂದು ಅವಳು ಹೇಳಬಲ್ಲಳು. ಹೆಂಡತಿಯಾಗಿ ಅವಳು ಅವನನ್ನು ನೋಡಿ ನೋಡಿ ಸಾಕಾಗಿ ಬಿಟ್ಟಿದ್ದಳು. ಈಗ ನೋಡಿದ್ದು ಕಿವಿ ಮೇಡಂ.

ಆಮೇಲೆ ಒಂದಕ್ಕೊಂದು ತಾನಾಗಿ ಕೂಡಿಕೊಂಡು ಬಂತು. ಫ್ಯಾನಿನ ಗಾಳಿ ನೇರ ಬೀಳುತ್ತದೆ ಎಂದು ಅವನು ಮಂಚದ ಈ ಬದಿಯಿಂದ ಆ ಬದಿಗೆ ಹೋದದ್ದು. ಊಟದ ಮೇಜಿನಲ್ಲಿ ಎಡಕ್ಕೆ ಗೋಡೆ ಬರುವ ಕುರ್ಚಿಯನ್ನೇ ಹಿಡಿದದ್ದು. ಫೋನನ್ನು ಎಡಗೈಯಲ್ಲಿ ಹಿಡಿದಿದ್ದರೂ ಸುತ್ತಿಸಿ ಬಲಗಿವಿಗೆ ಇಡುವುದು. ಎದುರು ನಿಂತು ಮಾತಾಡಿದರೆ ಕಣ್ಣು ನೋಡದೆ ಬಾಯಿ ನೋಡುವುದು. ಯಾರೋ ಅಪರಿಚಿತರು ಹೀಗಿದ್ದರೆ ಅವಳು ಕಾಫಿ ಕುಡಿಯುವಷ್ಟರಲ್ಲಿ ಹಿಡಿಯುತ್ತಿದ್ದಳು.

ಗೇಟು ಮೇಲೆದ್ದಿತು. ಅವಳು ಹಾಡಿನ ಸದ್ದು ತಗ್ಗಿಸಿ, ಕಿಟಕಿಯ ಕಡೆ ತಿರುಗಿ, ರೋಗಿಗಳ ಜೊತೆ ಆಡುವ ಹದದಲ್ಲೇ, "ರೀ, ನಂಗೆ ತುಂಬಾ ತಲೆನೋವು," ಎಂದಳು. ಅವನು ಗೇರು ಹಾಕಿದ. "ರೀ, ವಾಂತಿ ಬರೋ ಹಾಗಿದೆ. ನಿಲ್ಸಿ." ಕಾರು ಹಳಿ ದಾಟಿ ಓಡಿತು. ಅವನ ಮುಖದಲ್ಲಿ ಬೇಕೆಂದು ಸುಮ್ಮನಿರುವವರ ಬಿಗಿ ಇರಲಿಲ್ಲ. ಮುಂದೆ ಹೋಗುವ ಲಾರಿಯನ್ನು ನೋಡುತ್ತಿದ್ದ, ಅಷ್ಟೇ. ತನ್ನ ಪಕ್ಕದಲ್ಲಿ ಒಬ್ಬಳು ಮಾತಾಡುತ್ತಿದ್ದಾಳೆ ಎಂಬುದೇ ಅವನಿಗೆ ತಿಳಿದಿರಲಿಲ್ಲ.

ಆಸ್ಪತ್ರೆಯ ಗೇಟಿನಲ್ಲಿ ಅವಳು ಇಳಿಯಲಿಲ್ಲ. ಅವನ ತೋಳು ಮುಟ್ಟಿ, ಮುಖಕ್ಕೆ ಮುಖ ಕೊಟ್ಟು, "ಕಾರ್ ಒಳಗೆ ಹಾಕಿ. ಸ್ವಲ್ಪ ನನ್ ಕೋಣೆಗೆ ಬನ್ನಿ," ಎಂದಳು.

"ಹೊತ್ತಾಗುತ್ತೆ ಕಣೇ."

"ಆಗ್ಲಿ."

ಅವನು ಅವಳನ್ನು ಒಮ್ಮೆ ನೋಡಿದ. ಕಾರನ್ನು ಗೇಟಿನ ಒಳಗೆ ತಿರುಗಿಸಿದ.

ಇಷ್ಟು ವರ್ಷ ಗೇಟಿನವರೆಗೆ ಬಂದವನು ಅವಳ ಕುರ್ಚಿ ನೋಡಿದ್ದು ಅಂದೇ ಮೊದಲು. ಒಳಗಿನ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದಳು. ಎಲ್ಲರಿಗೂ ಹೇಳುವುದನ್ನೇ ಹೇಳಿದಳು, ಎಷ್ಟು ಸಣ್ಣದಾಗಿ ಕೇಳಿಸಿದರೂ ಒತ್ತಿ, ಕೇಳಿಸದಿದ್ದರೆ ಒತ್ತಬೇಡಿ. ದಪ್ಪ ಬಾಗಿಲು ಹಾಕಿ ಬಂದು ಯಂತ್ರದ ಮುಂದೆ ಕೂತಳು. ಬಲಗಿವಿಗೆ ಕಳಿಸಿದ ಪ್ರತಿಯೊಂದಕ್ಕೂ ಗುಂಡಿಯ ದೀಪ ಹತ್ತಿತು. ಆಮೇಲೆ ಆ ಒಳ್ಳೆಯ ಕಿವಿ ಮಧ್ಯೆ ಬಾಯಿ ಹಾಕದಿರಲೆಂದು ಅದಕ್ಕೆ ಸುಯ್ಯೆನ್ನುವ ಸದ್ದು ತುಂಬಿ, ಎಡಕ್ಕೆ ಕಳಿಸಿದಳು. ದೀಪ ಹತ್ತಲಿಲ್ಲ. ಏರಿಸಿದಳು. ಇನ್ನೂ ಏರಿಸಿದಳು. ಯಂತ್ರದ ಕೈ ಸೋಲುವಲ್ಲಿಯವರೆಗೆ ಏರಿಸಿದಳು. ಗಾಜಿನಾಚೆ ಅವನು ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು, ಶಾಲೆಯ ಮಗುವಿನಂತೆ ನೆಟ್ಟಗೆ ಕೂತು ಕಾಯುತ್ತಿದ್ದ. ಪಾಸಾಗಲು ಸುಳ್ಳು ಒತ್ತಲಿಲ್ಲ.

ಅವಳು ಒಳಗೆ ಹೋಗಿ ಹೆಡ್‌ಫೋನ್ ತೆಗೆದು, ಅವನ ಎದುರಿಗೆ ನಿಂತಳು. "ಯಾವಾಗಿಂದ?"

"ಗೊತ್ತಾಯ್ತಲ್ಲ, ಬಿಡು," ಎಂದ.

"ಯಾವಾಗಿಂದ ಅಂದೆ."

"ಎರಡು ವರ್ಷದ ಮೇಲಾಯ್ತು. ಒಂದಿನ ಬೆಳಿಗ್ಗೆ ಎದ್ದೆ, ಈ ಕಿವೀಲಿ ಕುಯ್ಯ್ ಅಂತಿತ್ತು. ಹತ್ತಿ ತುರುಕಿದ ಹಾಗಿತ್ತು."

"ಎದ್ದ ತಕ್ಷಣ? ಹಿಂದಿನ ದಿನ ಸರಿಯಿತ್ತಾ?"

"ಸರಿಯಿತ್ತು."

ಅವಳಿಗೆ ಇನ್ನು ಕೇಳಬೇಕಾಗಿರಲಿಲ್ಲ. ಹೀಗೆ ಇದ್ದಕ್ಕಿದ್ದಂತೆ ಒಂದು ಕಿವಿ ಹೋದವರನ್ನು ಅವಳು ಕಂಡಿದ್ದಳು. ಮೊದಲ ಕೆಲವು ದಿನಗಳಲ್ಲಿ ಮದ್ದು ಬಿದ್ದರೆ ಎಷ್ಟೋ ಜನಕ್ಕೆ ಮರಳಿ ಬರುತ್ತದೆ. ತಡವಾಗಿ ಬಂದವರ ಮನೆಯವರಿಗೆ ಅವಳು ಇದೇ ಓಣಿಯಲ್ಲಿ ಬಾಯಿಗೆ ಬಂದಂತೆ ಬೈದಿದ್ದಳು, ಕಣ್ಣೆದುರೇ ಇದ್ದುಕೊಂಡು ಏನ್ ಮಾಡ್ತಿದ್ರಿ ಎಂದು.

"ನಂಗ್ಯಾಕೆ ಹೇಳ್ಲಿಲ್ಲ?"

ಅವನು ಗುಂಡಿಯ ವೈರನ್ನು ಸುತ್ತಿ ಮಡಿಲಲ್ಲಿ ಇಟ್ಟುಕೊಂಡ.

"ಹೇಳಿದ್ದೆ ಕಣೇ. ಅವತ್ತೇ ಹೇಳ್ದೆ. ನಿಮ್ಮಾಸ್ಪತ್ರೆಗೆ ಹೊಸ ಯಂತ್ರ ಬರೋ ದಿನ ಅದು. ನಿಂಗೆ ಒಂದು ಕಾಲಲ್ಲಿ ಚಪ್ಪಲಿ, ಒಂದು ಕಾಲಲ್ಲಿ ಇಲ್ಲ. ಶೀತ ಇರ್ಬೇಕು, ಆವಿ ತಗೊಳ್ಳಿ, ತಾನಾಗೇ ಬಿಟ್ಟುಕೊಳ್ಳುತ್ತೆ ಅಂತ ನೀನೇ ಅಂದೆ."

ಸದ್ದು ನುಗ್ಗದ ಆ ಕೋಣೆಯಲ್ಲಿ ತನ್ನ ಉಸಿರೇ ತನಗೆ ಕೇಳುತ್ತಿತ್ತು. ಅವಳಿಗೆ ಯಂತ್ರ ಬಂದದ್ದು ನೆನಪಿತ್ತು. ಪೆಟ್ಟಿಗೆ ಬಿಚ್ಚಿದ್ದು, ಮೇಟ್ರನ್ ಸಿಹಿ ಹಂಚಿದ್ದು ನೆನಪಿತ್ತು. ಈ ಮಾತು ಆಡಿದ್ದು ನೆನಪಿರಲಿಲ್ಲ. ಆದರೆ ಆಡಿರುತ್ತಾಳೆ, ಅದು ಅವಳದೇ ಮಾತು. ಊರಿನವರ ಕಿವಿಗಾದರೆ ಒಳಗೆ ದೀಪ ಬಿಟ್ಟು ನೋಡುತ್ತಿದ್ದಳು, ಮನೆಯವರ ಕಿವಿ ಎಂದು ಶೀತದ ಲೆಕ್ಕಕ್ಕೆ ಹಾಕಿದಳು.

"ಆಮೇಲೆ ಬೇರೆ ಕಡೆ ತೋರಿಸ್ದೆ," ಎಂದ ಅವನು. "ತಡ ಆಗಿತ್ತು. ಆ ಡಾಕ್ಟ್ರು ತುಂಬಾ ರೇಗಿದ್ರು. ಮೊದಲ್ನೇ ವಾರದಲ್ಲೇ ಬರ್ಬಾರ್ದಿತ್ತಾ, ಮನೇಲಿ ತಿಳಿದೋರು ಯಾರೂ ಇಲ್ವಾ ಅಂತ ಕೇಳಿದ್ರು."

"ಏನಂದ್ರಿ?"

"ಯಾರೂ ಇಲ್ಲ ಅಂದೆ."

ವೈರನ್ನು ಬಿಚ್ಚಿ ಮತ್ತೆ ಸುತ್ತುತ್ತ, "ಹೇಳಿದ್ರೆ ನೀನು ಮತ್ತೆ ಆ ಕುರ್ಚೀಲಿ ಕೂತ್ಕೊಂಡು ಕೆಲಸ ಮಾಡಲ್ಲ ಅನ್ನಿಸ್ತು," ಎಂದ. "ಇನ್ನೊಂದು ಕಿವಿ ಇದೆಯಲ್ಲ, ನಡೆಯುತ್ತೆ ಅಂದ್ಕೊಂಡೆ. ಮನೇಲಿ ನಡೀತಿತ್ತು. ಕಾರಲ್ಲಿ ಮಾತ್ರ ಆಗ್ತಿರ್ಲಿಲ್ಲ. ಮೊದಮೊದಲು ಅಂದಾಜಲ್ಲಿ ಹೂಂ ಅಂತಿದ್ದೆ. ಆಮೇಲೆ ನೀನೇ ಮಾತು ನಿಲ್ಲಿಸಿದೆ ಅನ್ಸುತ್ತೆ, ಅದೂ ನಂಗೆ ಸರಿಯಾಗಿ ಗೊತ್ತಾಗ್ಲಿಲ್ಲ."

ಅವಳು ಹೆಡ್‌ಫೋನನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಕೊಕ್ಕೆಗೆ ಹಾಕಿದಳು. ಏನಾದರೂ ಹೇಳಬೇಕು, ಅಳಬೇಕು, ಕಾಲಿಗೆ ಬೀಳಬೇಕು. ಒಂದೂ ಆಗಲಿಲ್ಲ. "ಹೊತ್ತಾಯ್ತು, ಹೊರಡಿ," ಎಂದಳು. ಅವನು ಹೋದ. ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತಿದ್ದರು. ಒಬ್ಬೊಬ್ಬರನ್ನೇ ಒಳಗೆ ಕರೆದಳು. ಆ ದಿನ ಅವಳ ಕೆಲಸದಲ್ಲಿ ಒಂದು ತಪ್ಪೂ ಆಗಲಿಲ್ಲ. ಮಧ್ಯಾಹ್ನ ಮೇಟ್ರನ್ ಬಾಗಿಲಿಗೆ ಬಂದು, "ಬಣ್ಣ ಆಯ್ತು ಕಣೇ, ನಾಳೆ ಬೀಗದಕೈ ಇಸ್ಕೋ," ಎಂದಾಗ ಅವಳು ತಲೆಯಾಡಿಸಿದಳು, ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

ಸಂಜೆ ಕಾರು ಎಂದಿನಂತೆ ಗೇಟಿಗೆ ಬಂದು ನಿಂತಿತು. ಅವಳು ಎಡಗಡೆಗೆ ಹೋಗಲಿಲ್ಲ. ಮುಂದಿನಿಂದ ಸುತ್ತಿಕೊಂಡು ಬಂದು ಅವನ ಬಾಗಿಲು ತೆಗೆದಳು. "ಇಳೀರಿ. ನಾನ್ ಓಡಿಸ್ತೀನಿ. ನೀವು ಆ ಕಡೆ ಕೂತ್ಕೊಳ್ಳಿ."

ಹಿಂದೆ ನಿಂತ ಆಂಬುಲೆನ್ಸಿನವನು ಹಾರ್ನ್ ಬಾರಿಸಿದ. ಅವನು ಇಳಿದು, ಎಡಗಡೆಯ ಸೀಟಿನಲ್ಲಿ ನೆಂಟರ ಮನೆಗೆ ಬಂದವನಂತೆ ಕೂತ. ಕಾಲಿಗೆ ಜಾಗ ಸಾಲದೆ ಸೀಟು ಹಿಂದೆ ತಳ್ಳಿದ. ಅವಳು ಸ್ಟೀರಿಯೋ ಆಫ್ ಮಾಡಿದಳು. ಈಗ ಅವನ ಬಲಗಿವಿ ಅವಳ ಕಡೆಗಿತ್ತು.

ಕಾರು ಮೇಲ್ಸೇತುವೆ ಹತ್ತಿ ಇಳಿಯಿತು. ಎರಡು ವರ್ಷದ ಮಾತು ಬಾಕಿ ಇತ್ತು, ಯಾವುದರಿಂದ ಶುರು ಮಾಡುವುದು? ಗಾಡಿಗಳು ಒತ್ತೊತ್ತಾಗಿ ಬರುತ್ತಿದ್ದವು, ಅವಳು ಕಣ್ಣು ಕೀಳುವಂತಿರಲಿಲ್ಲ. ಹಾಗಾಗಿ ರಸ್ತೆಯನ್ನೇ ನೋಡುತ್ತ, ದನಿ ಏರಿಸದೆ ಹೇಳಿದಳು.

"ಆಸ್ಪತ್ರೆ ಕ್ವಾರ್ಟರ್ಸಲ್ಲಿ ಒಂದು ಕೋಣೆ ಖಾಲಿ ಇದೆ."

"ಹೌದಾ?" ಎಂದ. ಥಟ್ಟನೆ ಬಂತು ಉತ್ತರ.

"ವಾರವೆಲ್ಲ ನಾನು ಅಲ್ಲೇ ಇರ್ತೀನಿ ಅಂತ ಮೇಟ್ರನ್‌ಗೆ ಹೇಳಿದೀನಿ. ನಾಳೆ ಬೀಗದಕೈ ಕೊಡ್ತಾರೆ."

ಅವನು ಸೀಟಿನಲ್ಲಿ ಪೂರ್ತಿ ಅವಳ ಕಡೆ ತಿರುಗಿದ. "ನಂಗೆ ಹೇಳ್ಲೇ ಇಲ್ಲ?"

"ಹೇಳಿದ್ದೆ. ರೈಲ್ವೆ ಗೇಟ್ ಹತ್ರ. ನೀವ್ ಏನಂತೀರಿ ಅಂತ್ಲೂ ಕೇಳ್ದೆ. ನೀವು ಟೈರಿಗೆ ಗಾಳಿ ಕಮ್ಮಿ ಇದೆ ಅಂದ್ರಿ."

ಮುಂದಿನ ಬಸ್ಸು ನಿಂತಿತು. ಅವಳು ಬ್ರೇಕ್ ಒತ್ತಿದಳು. ಬಸ್ಸಿನಿಂದ ಜನ ಇಳಿದರು, ಒಬ್ಬಳು ಮಗುವನ್ನು ಎತ್ತಿಕೊಂಡು ರಸ್ತೆ ದಾಟಿದಳು. ಅವನು ಮುಖವನ್ನು ಎರಡೂ ಕೈಯಲ್ಲಿ ಒಮ್ಮೆ ಉಜ್ಜಿಕೊಂಡ.

"ಕೇಳಿಸಿದ್ರೆ ಬೇಡ ಅಂತಿದ್ದೆ," ಎಂದ.

ಅವಳಿಗೆ ಚೆನ್ನಾಗಿಯೇ ಕೇಳಿಸಿತು. ಆ ಒಂದು ಮಾತಿಗಾಗಿ ಅವಳು ಆವತ್ತು ಹಳಿಯಿಂದ ಮನೆಯ ತಿರುವಿನವರೆಗೂ ಕಾದಿದ್ದಳು. ಈಗ ಅದು ಬಂದು ಒಳಗೆ ಎಲ್ಲಿ ಬಿತ್ತೋ ತಿಳಿಯಲಿಲ್ಲ. ಬಿದ್ದದ್ದು ನಿಜವೇ ಎಂದು ಅವಳಿಗೆ ಖಾತ್ರಿಯಾಗಬೇಕಿತ್ತು.

"ಏನಂದ್ರಿ? ಇನ್ನೊಂದ್ಸಲ ಹೇಳಿ."

ಬಸ್ಸು ಹೊರಟಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆಯತೊಡಗಿದವು. ಆ ಗದ್ದಲದಲ್ಲಿ ಅವನು ಅವಳ ಕಿವಿಯ ಹತ್ತಿರಕ್ಕೆ ಬಾಗಿ, ಬೇಕಾದದ್ದಕ್ಕಿಂತ ಬಹಳ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

"ಬೇಡ ಕಣೇ. ಹೋಗ್ಬೇಡ."